ಗಾಳಿ ಕೇಳಿ ಹೊರಡಿ: ಚಳಿಗಾಲದ ವಲೆಟ್ಟಾ ಬಗ್ಗೆ ಓದುಗರ ಪ್ರಶ್ನೆಗಳು

ಸಿಸಿಲಿಯ ದಕ್ಷಿಣಕ್ಕೆ, ಮೆಡಿಟರೇನಿಯನ್ ಸಮುದ್ರದ ನಟ್ಟನಡುವೆ ಇರುವ ಪುಟ್ಟ ದೇಶ ಮಾಲ್ಟಾ. ಅದರ ರಾಜಧಾನಿ ವಲೆಟ್ಟಾ. ಜುಲೈ, ಆಗಸ್ಟಿನಲ್ಲಿ ಕಾಲಿಡಲು ಜಾಗ ಇರದ ಈ ಊರು ಡಿಸೆಂಬರಿಂದ ಮಾರ್ಚ್‌ವರೆಗೆ ಸ್ವಲ್ಪ ಉಸಿರಾಡುತ್ತದೆ. ಕೋಣೆ ಬಾಡಿಗೆ ಇಳಿಯುತ್ತದೆ, ಸಾಲುಗಳು ಕರಗುತ್ತವೆ. ಅಲ್ಲಿ ಕೆಲಸಕ್ಕಿರುವ ಮಕ್ಕಳನ್ನು ನೋಡಲು ಹೋಗುವವರು, ಯುರೋಪನ್ನು ಕಡಿಮೆ ಖರ್ಚಿನಲ್ಲಿ ಸುತ್ತಬೇಕೆನ್ನುವವರು ಬರೆದ ಪ್ರಶ್ನೆಗಳಿಗೆ ಈ ಸಲದ ಅಂಕಣ.

ಪ್ರಶ್ನೆ: ಮಗ ಮಾಲ್ಟಾದಲ್ಲಿ ನರ್ಸ್. ಜನವರಿಯಲ್ಲಿ ಬಂದು ಆರು ವಾರ ಇರಿ ಅಂತ ಕರೆಯುತ್ತಿದ್ದಾನೆ. ಅಲ್ಲಿ ರಾತ್ರಿ 10 ಡಿಗ್ರಿ, ಹಗಲು 16 ಡಿಗ್ರಿ ಎಂದು ಮೊಬೈಲ್ ತೋರಿಸುತ್ತದೆ. ಅಷ್ಟು ಚಳಿ ನಮ್ಮ ಚಿಕ್ಕಮಗಳೂರಿನಲ್ಲೂ ಬೀಳುತ್ತದೆ. ಆದರೂ ಮಗ, 'ಅಮ್ಮ, ಮನೆಯೊಳಗೆ ಹಾಕಿಕೊಳ್ಳೋಕೆ ದಪ್ಪ ಸ್ವೆಟರ್ ತಗೊಂಡು ಬಾ' ಅಂತಾನೆ. ಮನೆಯೊಳಗೆ ಯಾಕೆ? — ಚಿಕ್ಕಮಗಳೂರು

ಉತ್ತರ: ಮಗನ ಮಾತು ಕೇಳಿ. ಮಾಲ್ಟಾದ ಚಳಿ ಬೀದಿಯಲ್ಲಿ ಇರುವುದಿಲ್ಲ, ಮನೆಯಲ್ಲಿರುತ್ತದೆ. ಮಧ್ಯಾಹ್ನ ಬಿಸಿಲಿಗೆ ಕುಳಿತವರು ಜಾಕೆಟ್ ಬಿಚ್ಚುತ್ತಾರೆ, ಒಳಗೆ ಬಂದೊಡನೆ ಮತ್ತೆ ತೊಟ್ಟುಕೊಳ್ಳುತ್ತಾರೆ.

ಕಾರಣ ಕಲ್ಲಿನಲ್ಲಿದೆ. ಅಲ್ಲಿನ ಮನೆಗಳಿಗೆ ಬಳಸುವುದು ಜೇನುಬಣ್ಣದ ಮೆದು ಸುಣ್ಣಕಲ್ಲು. ಸ್ಥಳೀಯರು 'ಫ್ರಾಂಕಾ' ಅನ್ನುತ್ತಾರೆ. ನಮ್ಮ ಕರಾವಳಿಯ ಮುರಕಲ್ಲಿನ ಹಾಗೆ ಗಣಿಯಿಂದ ತೆಗೆದಾಗ ಗರಗಸದಲ್ಲಿ ಕೊಯ್ಯುವಷ್ಟು ಮೆತ್ತಗೆ, ಗಾಳಿ ತಾಗಿದ ಮೇಲೆ ಗಟ್ಟಿ. ಆದರೆ ಮೈತುಂಬ ಸಣ್ಣ ಸಣ್ಣ ರಂಧ್ರ. ಮಳೆನೀರನ್ನೂ ನೆಲದ ಪಸೆಯನ್ನೂ ಹೀರಿಕೊಂಡು ಗೋಡೆ ತಿಂಗಳುಗಟ್ಟಲೆ ಹಸಿಯಾಗಿರುತ್ತದೆ. ಮನೆಗಳನ್ನು ಕಟ್ಟಿರುವುದು ಬೇಸಿಗೆಯ ಕಾವು ತಡೆಯುವುದಕ್ಕೆ: ಎತ್ತರದ ಚಾವಣಿ, ದಪ್ಪ ಗೋಡೆ, ಹೆಂಚಿನ ಬಿಲ್ಲೆ ಹಾಸಿದ ನೆಲ. ಯುರೋಪಿನ ಉತ್ತರದ ದೇಶಗಳಲ್ಲಿ ಮನೆಯಿಡೀ ಬೆಚ್ಚಗಿಡುವ ಬಿಸಿನೀರ ಕೊಳವೆಗಳ ವ್ಯವಸ್ಥೆ ಇಲ್ಲಿ ಬಹುತೇಕ ಮನೆಗಳಲ್ಲಿ ಇಲ್ಲ. ಅದಕ್ಕೇ ಚಿಕ್ಕಮಗಳೂರಿನ 12 ಡಿಗ್ರಿಗೂ ವಲೆಟ್ಟಾದ 12 ಡಿಗ್ರಿಗೂ ಹೋಲಿಕೆ ಹಾಕಬಾರದು. ಇದನ್ನು ಆಷಾಢದ ಮಲೆನಾಡಿಗೆ ಹೋಲಿಸಿ. ಬಟ್ಟೆ ಒಣಗುವುದಿಲ್ಲ, ಹಾಸಿಗೆಗೆ ಮೈ ಚಾಚಿದರೆ ಒದ್ದೆ ಮಾಡಿದಂತೆ ತಣ್ಣಗೆ.

ಮೂರು ಕೆಲಸ ಮಾಡಿ. ಒಂದು, ಏಸಿಯನ್ನೇ ಹೀಟರ್ ಮಾಡಿಕೊಳ್ಳಿ. ಅಲ್ಲಿನ ಏಸಿಗಳು ಬಿಸಿಗಾಳಿಯನ್ನೂ ಕೊಡುತ್ತವೆ. ರಿಮೋಟಿನಲ್ಲಿ ಸೂರ್ಯನ ಗುರುತಿನ ಮೋಡ್, 22 ಡಿಗ್ರಿ, ರೆಕ್ಕೆಗಳ ಮುಖ ನೆಲದ ಕಡೆಗೆ. ಬಿಸಿಗಾಳಿ ಮೇಲಕ್ಕೇರುವುದರಿಂದ ರೆಕ್ಕೆ ನೇರಕ್ಕಿದ್ದರೆ ಚಾವಣಿ ಬೆಚ್ಚಗಾಗುತ್ತದೆ, ನಿಮ್ಮ ಕಾಲು ತಣ್ಣಗೇ ಉಳಿಯುತ್ತದೆ. ಮಲಗುವ ಕೋಣೆಯಲ್ಲಿ ಮಲಗುವುದಕ್ಕೆ ಒಂದು ಗಂಟೆ ಮೊದಲೇ ಹಚ್ಚಿ. ಗೋಡೆ ಮೊದಲು ತನ್ನ ಪಾಲಿನ ಶಾಖ ಕುಡಿದ ಮೇಲೆಯೇ ಕೋಣೆಗೆ ಸಿಗುವುದು.

ಎರಡು, ತೇವ ಹೀರುವ ಯಂತ್ರ, ಅಂದರೆ ಡಿಹ್ಯುಮಿಡಿಫೈಯರ್. ಮಗನ ಮನೆಯಲ್ಲಿ ಇಲ್ಲದಿದ್ದರೆ ನೀವು ಹೋಗುವ ಮೊದಲೇ ಕೊಳ್ಳಲು ಹೇಳಿ. ಕಿಟಕಿ ಮುಚ್ಚಿ, ಕೋಣೆಯ ಬಾಗಿಲನ್ನೂ ಮುಚ್ಚಿ ಓಡಿಸಬೇಕು. ಕಿಟಕಿ ತೆರೆದಿಟ್ಟು ಓಡಿಸಿದರೆ ಸಮುದ್ರವನ್ನೇ ಒಣಗಿಸಲು ಹೊರಟಂತೆ.

ಮೂರು, ಚಕ್ರದ ಮೇಲೆ ತಳ್ಳಿಕೊಂಡು ಹೋಗುವ ಗ್ಯಾಸ್ ಹೀಟರ್ ಬೇಡ. ಬೇಗ ಬಿಸಿಯಾಗುತ್ತದೆ, ನಿಜ. ಆದರೆ ಒಂದು ಕೆ.ಜಿ. ಅನಿಲ ಉರಿದರೆ ಒಂದೂವರೆ ಲೀಟರಿಗೂ ಹೆಚ್ಚು ನೀರು ಆವಿಯಾಗಿ ಕೋಣೆಯಲ್ಲೇ ಉಳಿಯುತ್ತದೆ. ಅದೇ ಆವಿ ತಣ್ಣನೆ ಗೋಡೆಗೆ ತಾಗಿ ನೀರಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಮುಚ್ಚಿದ ಕೋಣೆಯಲ್ಲಿ ಉರಿಸಿ ಮಲಗುವುದು ಜೀವಕ್ಕೇ ಅಪಾಯ.

ಇನ್ನೊಂದು ವಿಷಯ. ಕೆಲವು ದಿನ ಮಳೆ ಇಲ್ಲದಿದ್ದರೂ ನೆಲ ಒರೆಸಿದ ಹಾಗೆ ಒದ್ದೆಯಾಗಿರುತ್ತದೆ. ಕೊಳವೆ ಒಡೆದಿದೆ ಎಂದು ಹೆದರಬೇಡಿ. ಆಗ್ನೇಯದಿಂದ ಬೀಸುವ ಬೆಚ್ಚನೆ ತೇವದ ಗಾಳಿ ತಣ್ಣನೆ ಬಿಲ್ಲೆಗೆ ತಾಗಿ ಬೆವರಿದ್ದು ಅದು. ಆ ದಿನ ಕಿಟಕಿ ಮುಚ್ಚಿಡಿ. ವಾಯವ್ಯದ ಒಣಗಾಳಿ ಬಂದ ದಿನ ಮಧ್ಯಾಹ್ನ ಒಂದು ಗಂಟೆ ಕಾಲ ಎಲ್ಲ ತೆರೆದಿಡಿ. ನೆಲ ಜಾರುತ್ತದೆ, ರಬ್ಬರ್ ಅಡಿಯ ಮನೆ ಚಪ್ಪಲಿ ಇರಲಿ. ಉಣ್ಣೆಯ ಕಾಲುಚೀಲ ಎರಡು ಜೊತೆ ಇದ್ದರೆ ಸ್ವೆಟರಿಗಿಂತ ಹೆಚ್ಚು ಉಪಯೋಗ.

ಪ್ರಶ್ನೆ: ಫೆಬ್ರವರಿಯಲ್ಲಿ ಎಂಟು ದಿನ ವಲೆಟ್ಟಾದಲ್ಲೇ ಉಳಿಯಬೇಕೆಂದಿದ್ದೇವೆ. ಹಳೆಯ ಮನೆಯಲ್ಲಿ, ಆ ಮರದ ಮುಚ್ಚು ಬಾಲ್ಕನಿ ಇರುವಂಥ ಕೋಣೆ ಹಿಡಿಯುವ ಆಸೆ. ಮೇಲಿನ ಉತ್ತರದ ಚಳಿ ನಮಗೂ ಕಾದಿದೆಯೇ? — ಬೆಂಗಳೂರು

ಉತ್ತರ: ಕಾದಿದೆ, ಆದರೆ ಆರಿಸಿಕೊಳ್ಳುವ ಅವಕಾಶ ನಿಮಗಿದೆ. ಕೋಣೆ ಕಾಯ್ದಿರಿಸುವ ಮೊದಲು ಮನೆಯವರಿಗೆ ನಾಲ್ಕು ಪ್ರಶ್ನೆ ಬರೆದು ಕೇಳಿ: ಮಲಗುವ ಕೋಣೆಯಲ್ಲೇ ಬಿಸಿಗಾಳಿಯ ಏಸಿ ಇದೆಯೇ, ಹಜಾರದಲ್ಲಿ ಮಾತ್ರವೇ? ಅದರ ವಿದ್ಯುತ್ತಿಗೆ ಬೇರೆ ಹಣವೇ? ಡಿಹ್ಯುಮಿಡಿಫೈಯರ್ ಇದೆಯೇ? ಎಷ್ಟನೇ ಮಹಡಿ, ಕಿಟಕಿ ಯಾವ ದಿಕ್ಕಿಗೆ?

ಬೀದಿಯ ಮಟ್ಟದಲ್ಲೋ ಅದಕ್ಕಿಂತ ಕೆಳಗೋ ಇರುವ ಕೋಣೆ, ಎಷ್ಟೇ ಚೆಂದದ ಕಮಾನುಗಳಿದ್ದರೂ, ಚಳಿಗಾಲಕ್ಕೆ ಬೇಡ. ವಲೆಟ್ಟಾದ ಅಡ್ಡಬೀದಿಗಳು ಕಿರಿದು, ಎರಡೂ ಕಡೆ ಎತ್ತರದ ಮನೆಗಳು. ಸೂರ್ಯ ತಗ್ಗಿರುವ ತಿಂಗಳುಗಳಲ್ಲಿ ಕೆಳಗಿನ ಮಹಡಿಗಳಿಗೆ ಬಿಸಿಲು ಇಳಿಯುವುದೇ ಇಲ್ಲ. ದಕ್ಷಿಣಕ್ಕೆ ಮುಖ ಮಾಡಿದ ಮೇಲಿನ ಮಹಡಿ ಸಿಕ್ಕರೆ ಅದೇ ಭಾಗ್ಯ. ಲಿಫ್ಟ್ ಇದೆಯೇ ಎಂದು ಮಾತ್ರ ಕೇಳಿಕೊಳ್ಳಿ, ಹಳೆಯ ಮನೆಗಳ ಸುರುಳಿ ಮೆಟ್ಟಿಲಲ್ಲಿ ಸೂಟ್‌ಕೇಸ್ ತಿರುಗುವುದಿಲ್ಲ.

ಅಲ್ಲಿ ಉಳಿದವರ ಅಭಿಪ್ರಾಯ ಓದುವಾಗ ಒಟ್ಟು ಅಂಕ ನೋಡಬೇಡಿ. ಬೇಸಿಗೆಯವರು ಕೊಟ್ಟ ಅಂಕದಿಂದ ನಿಮಗೇನೂ ತಿಳಿಯದು. ಡಿಸೆಂಬರಿಂದ ಮಾರ್ಚ್‌ವರೆಗೆ ಬರೆದದ್ದನ್ನು ಮಾತ್ರ ತೆಗೆದು ತೇವ, ಚಳಿ, ವಾಸನೆ ಎಂಬ ಮಾತುಗಳಿವೆಯೇ ಹುಡುಕಿ. ಫೋಟೋದಲ್ಲಿ ಗೋಡೆಯ ಬುಡ ನೋಡಿ: ನೆಲದಿಂದ ಮೊಣಕಾಲಿನ ಎತ್ತರದವರೆಗೆ ಬಣ್ಣ ಎದ್ದಿದ್ದರೆ, ಬಿಳಿ ಪುಡಿ ಉದುರಿದಂತಿದ್ದರೆ, ಅದು ಕಲ್ಲಿನೊಳಗಿಂದ ನೀರಿನ ಜೊತೆ ಹೊರಬಂದ ಉಪ್ಪು. ಆ ಕೋಣೆ ಬಿಟ್ಟುಬಿಡಿ.

ಮರದ ಬಾಲ್ಕನಿಗೆ ಅಲ್ಲಿ 'ಗಲ್ಲರಿಯಾ' ಎಂದು ಹೆಸರು. ನೋಡಲು ಸೊಗಸು, ನಿಜ. ಹಳೆಯ ಬಾಲ್ಕನಿಯ ಸಂದುಗಳಲ್ಲಿ ಗಾಳಿ ಶಿಳ್ಳೆ ಹೊಡೆಯುತ್ತದೆ. ಅದಕ್ಕೂ ಕೋಣೆಗೂ ನಡುವೆ ಗಾಜಿನ ಬಾಗಿಲು ಇದ್ದರೆ ಚಿಂತೆಯಿಲ್ಲ.

ಪ್ರಶ್ನೆ: ಎಂಟು ದಿನದ ಪಟ್ಟಿ ಹಾಕಿಕೊಂಡಿದ್ದೇವೆ: ಸೋಮವಾರ ಗೋಜೊ ದ್ವೀಪ, ಮಂಗಳವಾರ ಬ್ಲೂ ಗ್ರೊಟ್ಟೊ ಗುಹೆಗಳು, ಹೀಗೆ. ಮಳೆ ಬಂದರೆ ಏನು ಮಾಡುವುದು? — ಹುಬ್ಬಳ್ಳಿ

ಉತ್ತರ: ಪಟ್ಟಿ ಇರಲಿ, ವಾರದ ಹೆಸರು ಅಳಿಸಿಹಾಕಿ. ಮಳೆಯ ಚಿಂತೆಯೂ ಬೇಡ, ಅದು ಜೋರಾಗಿ ಹೊಯ್ದು ಗಂಟೆ, ಎರಡು ಗಂಟೆಯಲ್ಲಿ ನಿಲ್ಲುವುದೇ ಹೆಚ್ಚು. ಈ ದ್ವೀಪದಲ್ಲಿ ನಿಮ್ಮ ದಿನವನ್ನು ನಿರ್ಧರಿಸುವುದು ಗಾಳಿ. ಬೆಳಿಗ್ಗೆ ಕಾಫಿಗೆ ಮುಂಚೆ ಹವಾಮಾನ ವರದಿಯಲ್ಲಿ ಎರಡು ವಿಷಯ ನೋಡಿ: ಗಾಳಿ ಯಾವ ಕಡೆಯಿಂದ, ಎಷ್ಟು ಫೋರ್ಸ್, ಅಂದರೆ ಗಾಳಿಯ ಬಲದ ಅಂಕೆ. ಫೋರ್ಸ್ 3-4 ಇದ್ದರೆ ಎಲ್ಲವೂ ನಡೆಯುತ್ತದೆ. ಫೋರ್ಸ್ 6 ಎಂದರೆ ಗಂಟೆಗೆ 39ರಿಂದ 49 ಕಿ.ಮೀ.; ಅಲ್ಲಿಂದಾಚೆಗೆ ದೋಣಿಗಳನ್ನು ನಂಬಿ ಹೊರಡಬೇಡಿ.

ಮುಖ್ಯವಾಗಿ ಮೂರು ಗಾಳಿಗಳ ಪರಿಚಯ ಮಾಡಿಕೊಳ್ಳಿ. ವಾಯವ್ಯದಿಂದ ಬೀಸುವುದು ಮಜ್ಜಿಸ್ತ್ರಾಲ್. ವರ್ಷದಲ್ಲಿ ಅತಿ ಹೆಚ್ಚು ದಿನ ಬೀಸುವುದು ಇದೇ. ಆಕಾಶ ತಿಳಿಯಾಗಿರುತ್ತದೆ, ಆದರೆ ಪಶ್ಚಿಮದ ಮರಳತೀರಗಳಲ್ಲೂ ಡಿಂಗ್ಲಿಯ ಕಡಿಬಂಡೆಗಳ ಮೇಲೂ ನಿಲ್ಲಲಾಗದು. ಆ ದಿನ ಪೂರ್ವ-ದಕ್ಷಿಣದ ಕಡೆಗೆ ಹೋಗಿ. ಮಾರ್ಸಾಶ್ಲೊಕ್‌ನ ಮೀನುಗಾರರ ಕೊಲ್ಲಿ ಮರೆಯಲ್ಲಿರುತ್ತದೆ. ಮೂತಿಯ ಮೇಲೆ ಕಣ್ಣು ಬರೆದ ಬಣ್ಣದ ದೋಣಿಗಳು ಅಲುಗದೆ ನಿಂತಿರುತ್ತವೆ. ಭಾನುವಾರದ ಮೀನುಸಂತೆಗೆ ಹೋಗುವುದಾದರೆ ಬೆಳಿಗ್ಗೆ ಒಂಬತ್ತರೊಳಗೆ ಹೋಗಿ, ಆಮೇಲೆ ಉಳಿಯುವುದು ಹೆಚ್ಚಾಗಿ ಮೇಜುಬಟ್ಟೆ ಮತ್ತು ಕೀಚೈನು.

ಆಗ್ನೇಯದ್ದು ಶ್ಲೊಕ್. ಬೆಚ್ಚಗೆ, ಜಿಗುಟಾಗಿ, ಒಮ್ಮೊಮ್ಮೆ ಸಹಾರಾದ ಕೆಂಧೂಳು ಹೊತ್ತು ಬರುತ್ತದೆ. ಮಾರ್ಸಾಶ್ಲೊಕ್ ಎಂದರೆ ಶ್ಲೊಕ್ ಗಾಳಿಯ ಬಂದರು. ಹೆಸರೇ ಹೇಳುವ ಹಾಗೆ ಈ ಗಾಳಿಗೆ ಆ ಕೊಲ್ಲಿ ಬಾಯಿ ತೆರೆದು ನಿಂತಿದೆ, ಅವತ್ತು ಅಲ್ಲಿಗೆ ಹೋಗಬೇಡಿ. ದಕ್ಷಿಣ ತೀರದ ಬ್ಲೂ ಗ್ರೊಟ್ಟೊ ಗುಹೆಗಳಿಗೂ ದಕ್ಷಿಣದ ಗಾಳಿ ಇದ್ದಾಗ ದೋಣಿ ಬಿಡುವುದಿಲ್ಲ. ಉತ್ತರದ ಗಾಳಿ, ಬಿಸಿಲು ಎರಡೂ ಕೂಡಿದ ಬೆಳಿಗ್ಗೆ ಗುಹೆಯ ನೀಲಿ ನೋಡಲು ಸಿಗುತ್ತದೆ.

ಮೂರನೆಯದು ಈಶಾನ್ಯದ ಗ್ರಿಗಾಲ್. ಇದು ಸ್ವಲ್ಪ ಗೌರವ ಬೇಡುವ ಗಾಳಿ. ಸಂತ ಪೌಲನ ಹಡಗು ಮಾಲ್ಟಾದಲ್ಲಿ ಒಡೆದದ್ದು ಇದೇ ಗಾಳಿಗೆ ಎಂಬ ನಂಬಿಕೆಯಿದೆ. ವಲೆಟ್ಟಾದ ಎರಡೂ ಬಂದರುಗಳ ಬಾಯಿ ಈಶಾನ್ಯಕ್ಕೇ ಇರುವುದರಿಂದ ಅಲೆ ನೇರ ಒಳಗೆ ನುಗ್ಗುತ್ತದೆ. ಬಂದರಿನಾಚೆಯ ಸ್ಲೀಮಾ ಊರಿನ ಫೆರ್ರಿ ನಿಲ್ಲುತ್ತದೆ. ಸ್ಲೀಮಾದ ಸಮುದ್ರದಂಡೆಯ ರಸ್ತೆಗೆ ನೊರೆ ಹಾರುತ್ತದೆ. ಗೋಜೊಗೆ ಹೋಗುವ ವೇಗದ ದೋಣಿಯೂ ರದ್ದಾಗಬಹುದು. ಇಂಥ ದಿನವೇ ಮ್ಯೂಸಿಯಂ ದಿನ. ನಗರದ್ವಾರದ ಹತ್ತಿರದ ಪುರಾತತ್ತ್ವ ಮ್ಯೂಸಿಯಂ, ಸೇಂಟ್ ಜಾನ್ಸ್ ಕೋ-ಕೆಥಡ್ರಲ್, ಗ್ರ್ಯಾಂಡ್‌ಮಾಸ್ಟರ್ ಅರಮನೆ ಮೂರೂ ಒಂದೇ ಬೀದಿಯ ಆಸುಪಾಸಿನಲ್ಲಿವೆ, ಹೆಚ್ಚು ನೆನೆಯಬೇಕಾಗಿಲ್ಲ.

ಗಾಳಿ ನಿಂತ ಕೂಡಲೇ ಸಮುದ್ರ ಇಳಿಯುವುದಿಲ್ಲ. ಒಂದು ದಿನವಾದರೂ ಅಲೆಯ ಉಬ್ಬರ ಉಳಿದಿರುತ್ತದೆ. ಚಪ್ಪಟೆ ಬಂಡೆಯ ಮೇಲೆ ನಿಂತು ಅಲೆಯ ಫೋಟೋ ತೆಗೆಯುವವರು ನೆನಪಿಡಬೇಕಾದ್ದು: ಹತ್ತಾರು ಸಣ್ಣ ಅಲೆಗಳ ನಂತರ ಎರಡು ಮೂರು ದೊಡ್ಡವು ಒಟ್ಟಿಗೆ ಬರುತ್ತವೆ. ಬಂಡೆ ಎಲ್ಲಿಯವರೆಗೆ ಒದ್ದೆಯಾಗಿದೆ ನೋಡಿ, ಅಲೆ ಅಲ್ಲಿಯವರೆಗೆ ಬಂದೇ ಬಂದಿದೆ. ಅದರಿಂದ ಹತ್ತು ಹೆಜ್ಜೆ ಹಿಂದೆ ನಿಲ್ಲಿ.

ಗೋಜೊ ದ್ವೀಪಕ್ಕೆ ಎರಡು ದಾರಿ. ವಲೆಟ್ಟಾದಿಂದ ವೇಗದ ದೋಣಿ, ಮುಕ್ಕಾಲು ಗಂಟೆ. ಅಥವಾ 41 ಇಲ್ಲವೇ 42ನೇ ಬಸ್ಸಿನಲ್ಲಿ ಚಿರ್ಕೆವ್ವಾಗೆ ಗಂಟೆಗೂ ಮಿಕ್ಕಿ ಪ್ರಯಾಣ, ಅಲ್ಲಿಂದ ಕಾರುಗಳನ್ನೂ ಹೊತ್ತೊಯ್ಯುವ ದೊಡ್ಡ ಫೆರ್ರಿಯಲ್ಲಿ 25 ನಿಮಿಷ. ಗಾಳಿಯಲ್ಲಿ ಮೊದಲು ನಿಲ್ಲುವುದು ವೇಗದ ದೋಣಿ, ಕೊನೆಗೆ ನಿಲ್ಲುವುದು ದೊಡ್ಡ ಫೆರ್ರಿ. ದೊಡ್ಡ ಫೆರ್ರಿಯಲ್ಲಿ ಹೋಗುವಾಗ ಯಾರೂ ಹಣ ಕೇಳುವುದಿಲ್ಲ, ಗೋಜೊಯಿಂದ ಮರಳುವಾಗ ಟಿಕೆಟ್. ಊರಿಗೆ ವಿಮಾನ ಹತ್ತುವ ಹಿಂದಿನ ರಾತ್ರಿ ಮಾತ್ರ ಗೋಜೊದಲ್ಲಿ ಉಳಿಯಬೇಡಿ. ಮತ್ತೆ, ಹಳೆಯ ಚಿತ್ರಗಳಲ್ಲಿರುವ ಕಲ್ಲಿನ ಕಮಾನು 'ಅಜೂರ್ ವಿಂಡೋ' ಹುಡುಕಿಕೊಂಡು ಹೋಗಬೇಡಿ. 2017ರ ಮಾರ್ಚ್ 8ರಂದು ಬಿರುಗಾಳಿಯಲ್ಲಿ ಅದು ಕುಸಿದು ಸಮುದ್ರ ಸೇರಿದೆ.

ಪ್ರಶ್ನೆ: ನಮ್ಮ ಚಾರ್ಜರ್ ಪ್ಲಗ್ ಅಲ್ಲಿ ಹಿಡಿಸುತ್ತದೆಯೇ? ಯುರೋಪಿನ ಅಡಾಪ್ಟರ್ ಮನೆಯಲ್ಲಿದೆ. — ದಾವಣಗೆರೆ

ಉತ್ತರ: ಎರಡೂ ಹಿಡಿಸುವುದಿಲ್ಲ. ಮಾಲ್ಟಾ 1964ರವರೆಗೆ ಬ್ರಿಟಿಷರ ಕೈಯಲ್ಲಿತ್ತು. ಚಪ್ಪಟೆ ಮೂರು ಪಿನ್ನಿನ ಇಂಗ್ಲೆಂಡಿನ ಪ್ಲಗ್ಗೇ ಅಲ್ಲಿ ಇಂದಿಗೂ. ವಾಹನ ಓಡುವುದೂ ನಮ್ಮ ಹಾಗೆ ಎಡಗಡೆ. ಇಂಗ್ಲೆಂಡಿನ ಅಡಾಪ್ಟರ್ ಎರಡು ಒಯ್ಯಿರಿ. ವೋಲ್ಟೇಜ್ ನಮ್ಮಷ್ಟೇ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು, ಅತ್ತೆಯವರು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ದ್ವೀಪವೆಂದರೆ ಬರೀ ಮೀನು ಎನ್ನುತ್ತಾರೆ. ಊರಿಂದ ಏನೇನು ಒಯ್ಯಬಹುದು? — ಉಡುಪಿ

ಉತ್ತರ: ಮೀನಲ್ಲದ್ದೂ ಇದೆ, ಆದರೆ ನೋಡಲು ಸಸ್ಯಾಹಾರ ಅನ್ನಿಸಿದ್ದೆಲ್ಲ ಸಸ್ಯಾಹಾರವಲ್ಲ.

ಬೀದಿ ಬೀದಿಯಲ್ಲಿ ಸಿಗುವ ಬಿಸಿಬಿಸಿ ತಿಂಡಿ ಪಸ್ತಿಜ್ಜಿ. ಪದರು ಪದರಾದ ಹಿಟ್ಟಿನೊಳಗೆ ರಿಕೊಟ್ಟಾ ಎಂಬ ಗಿಣ್ಣಿನ (ಚೀಸ್) ಅಥವಾ ಬಟಾಣಿಯ ಹೂರಣ. ಮಡಿಕೆ ನಡುವೆ ಬಂದಿದ್ದರೆ ಸಾಮಾನ್ಯವಾಗಿ ಗಿಣ್ಣಿನದು, ಪಕ್ಕಕ್ಕೆ ಬಂದಿದ್ದರೆ ಬಟಾಣಿಯದು. ಗಿಣ್ಣಿನ ಹೂರಣದಲ್ಲಿ ಮೊಟ್ಟೆ ಸೇರಿಸುವುದುಂಟು. ಪದರು ಬಿಡಿಸಲು ಹಂದಿಯ ಕೊಬ್ಬು ಹಚ್ಚುವುದು ಹಳೆಯ ಪದ್ಧತಿ. ಈಗ ಎಷ್ಟೋ ಕಡೆ ಮಾರ್ಗರೀನ್ ಬಳಸುತ್ತಾರೆ, ಕೇಳದೆ ಕೊಳ್ಳಬೇಡಿ. ಟೊಮೆಟೊ ತಿಕ್ಕಿ ಆಲಿವ್ ಎಣ್ಣೆ ಹಾಕಿದ ರೊಟ್ಟಿ 'ಹೊಬ್ಜ್ ಬಿಜ್-ಜೆಯ್ತ್'. ಅಂಗಡಿಯಲ್ಲಿ ಅದರೊಳಗೆ ಸದ್ದಿಲ್ಲದೆ ಟ್ಯೂನಾ ಮೀನು ಇರುತ್ತದೆ. 'ಟ್ಯೂನಾ ಬೇಡ' ಎಂದು ಮೊದಲೇ ಹೇಳಿದರೆ ಹಾಕದೆ ಕೊಡುತ್ತಾರೆ. ತರಕಾರಿ ಸೂಪ್ ಮಿನೆಸ್ತ್ರಾ ಚಳಿಗಾಲಕ್ಕೆ ಹೇಳಿ ಮಾಡಿಸಿದ್ದು, ಮಾಂಸದ ಸಾರಿನಲ್ಲಿ ಕುದಿಸಿದ್ದೇ ಎಂದು ಕೇಳಿಕೊಳ್ಳಿ. ಅತ್ತೆಯವರಿಗೆ ನಿಶ್ಚಿಂತೆಯಿಂದ ಕೊಡಬಹುದಾದ್ದು ಬಿಗಿಲ್ಲಾ: ಒಣ ಕಾಳನ್ನು ಬೇಯಿಸಿ ಅರೆದು ಬೆಳ್ಳುಳ್ಳಿ, ಮೆಣಸಿನಕಾಯಿ, ಆಲಿವ್ ಎಣ್ಣೆ ಬೆರೆಸಿದ ದಪ್ಪ ಗೊಜ್ಜು. ಬೆಳ್ಳುಳ್ಳಿ ತಿನ್ನದವರಾದರೆ ಅದೂ ಇಲ್ಲ. ಖರ್ಜೂರದ ಹೂರಣ ತುಂಬಿ ಕರಿದ ಇಮ್ಕಾರೆತ್ ನಗರದ್ವಾರದ ಬಳಿ ಸಿಗುತ್ತದೆ, ಸೋಂಪಿನ ಘಮ. ಅದರ ಕಣಕದ ಜಿಡ್ಡಿನ ಬಗ್ಗೆಯೂ ಇದೇ ಪ್ರಶ್ನೆ ಕೇಳಿ.

ಹಾಗಾಗಿ ಅಡುಗೆಮನೆ ಇರುವ ಮನೆ ಹಿಡಿಯಿರಿ. ಹೊರದೇಶದಿಂದ ಬರುವವರು ಐರೋಪ್ಯ ಒಕ್ಕೂಟದೊಳಗೆ ಹಾಲಿನ ಪದಾರ್ಥ ಮತ್ತು ಮಾಂಸ ತರುವಂತಿಲ್ಲ. ತುಪ್ಪದ ಡಬ್ಬಿ, ಪೇಡೆ, ಖೋವಾದ ಸಿಹಿ ಬೇಡ. ಕರಿಬೇವು, ಮಾವಿನಹಣ್ಣು, ನಿಂಬೆಯಂಥ ಹಸಿರು ವಸ್ತುಗಳಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ತೆಗೆದುಕೊಂಡು ಹೋಗಬೇಡಿ. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಅವಲಕ್ಕಿ, ಶ್ಯಾವಿಗೆ ಒಯ್ಯಬಹುದು. ಬೇಳೆ, ಅಕ್ಕಿ ಹೊರುವುದು ದಂಡ. ಮ್ಸಿದಾ, ಹಮ್ರುನ್ ಕಡೆ ಭಾರತೀಯ ದಿನಸಿ ಅಂಗಡಿಗಳಿವೆ.

ನಲ್ಲಿನೀರಿನ ಬಗ್ಗೆ ಒಂದು ಮಾತು. ಸಮುದ್ರದ ನೀರಿನ ಉಪ್ಪು ತೆಗೆದು ಅದಕ್ಕೆ ಅಂತರ್ಜಲ ಬೆರೆಸಿ ಸರಬರಾಜು ಮಾಡುತ್ತಾರೆ. ಕುಡಿದರೆ ಅಪಾಯವಿಲ್ಲ, ರುಚಿ ಮಾತ್ರ ತುಸು ಉಪ್ಪುಪ್ಪು. ಗಡಸು ನೀರಿನಲ್ಲಿ ತೊಗರಿಬೇಳೆ ಬೇಯುವುದೇ ಇಲ್ಲ ಎಂದು ಸೀಟಿ ಮೇಲೆ ಸೀಟಿ ಹೊಡೆಸುವವರಿದ್ದಾರೆ. ಬೇಳೆಯನ್ನು ಒಂದು ಗಂಟೆ ನೆನೆಸಿ, ಬಾಟಲಿ ನೀರಿನಲ್ಲಿ ಇಡಿ. ಉಪ್ಪು, ಹುಣಸೆಹುಳಿ ಬೆಂದ ಮೇಲೆ. ಫಿಲ್ಟರ್ ಕಾಫಿಗೂ ಬಾಟಲಿ ನೀರೇ.

ಪ್ರಶ್ನೆ: ಅಪ್ಪನಿಗೆ 72, ಮಂಡಿನೋವು. ವಲೆಟ್ಟಾ ತುಂಬ ಮೆಟ್ಟಿಲು ಎಂದು ಓದಿದೆ. ಕರೆದುಕೊಂಡು ಹೋಗಬಹುದೇ? — ಮೈಸೂರು

ಉತ್ತರ: ಊರಿನ ಆಕಾರ ತಿಳಿದರೆ ಹೋಗಬಹುದು. ವಲೆಟ್ಟಾ ಒಂದು ಗುಡ್ಡದ ಬೆನ್ನು. ಉದ್ದ ಒಂದು ಕಿಲೋಮೀಟರ್ ಆಸುಪಾಸು. ರಿಪಬ್ಲಿಕ್ ಸ್ಟ್ರೀಟ್ ಆ ಬೆನ್ನೆಲುಬಿನ ಮೇಲೆ ಓಡುತ್ತದೆ. ನಗರದ್ವಾರದಿಂದ ಅರಮನೆಯ ಚೌಕದವರೆಗೆ ಹೆಚ್ಚು ಕಡಿಮೆ ಸಮತಟ್ಟು, ವಾಹನವೂ ಇಲ್ಲ. ಅಲ್ಲಿಂದ ಮುಂದೆ ಸೇಂಟ್ ಎಲ್ಮೊ ಕೋಟೆಯವರೆಗೆ ಇಳಿಜಾರು. ಎಡಕ್ಕೂ ಬಲಕ್ಕೂ ಇಳಿಯುವ ಅಡ್ಡಬೀದಿಗಳೇ ಮೆಟ್ಟಿಲಿನವು. ಅಪ್ಪನ ಜೊತೆ ಬೆನ್ನಿನ ಮೇಲೆಯೇ ನಡೆಯಿರಿ, ಅಡ್ಡಬೀದಿಗೆ ಇಳಿಯಬೇಡಿ. ಇಳಿದದ್ದನ್ನು ಹತ್ತಲೇಬೇಕು.

ಬಂದರಿನ ಮಟ್ಟಕ್ಕೆ ಹೋಗಲು ಅಪ್ಪರ್ ಬರಾಕ್ಕಾ ಉದ್ಯಾನದ ಮೂಲೆಯಲ್ಲಿ ಸಾರ್ವಜನಿಕ ಲಿಫ್ಟ್ ಇದೆ, ಸುಮಾರು 58 ಮೀಟರ್ ಎತ್ತರದ್ದು. ಕೆಳಗಿಳಿದು ರಸ್ತೆ ದಾಟಿದರೆ ಬಂದರಿನಾಚೆಯ ಬಿರ್ಗು ಕಡೆಗೆ ಫೆರ್ರಿ ಸಿಗುತ್ತದೆ. ಅದೇ ಉದ್ಯಾನದ ಕೆಳಗಿನ ಅಟ್ಟಣೆಯಲ್ಲಿ ಮಧ್ಯಾಹ್ನ 12ಕ್ಕೆ ಮತ್ತು 4ಕ್ಕೆ ತೋಪು ಹಾರಿಸುತ್ತಾರೆ. ಮೇಲಿನ ಕಟಕಟೆಯಿಂದ ಪುಕ್ಕಟೆ ಕಾಣುತ್ತದೆ. ಐದು ನಿಮಿಷ ಮುಂಚೆ ಹೋದರೆ ಸಾಕು, ಬೇಸಿಗೆಯ ಹಾಗೆ ಅರ್ಧ ಗಂಟೆ ಕಾಯಬೇಕಿಲ್ಲ.

ಬಿದ್ದು ಕಾಲು ಮುರಿಯುವುದು ಮೆಟ್ಟಿಲಿಗಿಂತ ಹೆಚ್ಚಾಗಿ ಒದ್ದೆ ಚಪ್ಪಡಿಯ ಮೇಲೆ. ನೂರಾರು ವರ್ಷ ಕಾಲು ಸವೆಸಿದ ಸುಣ್ಣಕಲ್ಲು ಮಳೆ ಬಿದ್ದರೆ ಸೋಪಿನ ಬಿಲ್ಲೆ. ಅಡಿಯಲ್ಲಿ ಗೆರೆ ಇರುವ ರಬ್ಬರ್ ಶೂ ಬೇಕು. ಕೊಡೆ ಬೇಡ, ಮೊದಲ ತಿರುವಿನಲ್ಲೇ ಮಗುಚಿಕೊಳ್ಳುತ್ತದೆ. ತಲೆ ಮುಚ್ಚುವ ಗಾಳಿನಿರೋಧಕ ಜಾಕೆಟ್ ಸಾಕು.

ಕೆಥಡ್ರಲ್‌ಗೆ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಭಾನುವಾರ, ಸಾರ್ವಜನಿಕ ರಜೆಯಂದು ಪ್ರವಾಸಿಗರಿಗೆ ಪ್ರವೇಶವಿಲ್ಲ. ನೆಲವಿಡೀ ಹಿಂದೆ ದ್ವೀಪವನ್ನಾಳಿದ ಕ್ರೈಸ್ತ ಯೋಧರಾದ ನೈಟ್‌ಗಳ ಬಣ್ಣಬಣ್ಣದ ಅಮೃತಶಿಲೆಯ ಸಮಾಧಿಚಪ್ಪಡಿಗಳಾದ್ದರಿಂದ ಚೂಪು ಹಿಮ್ಮಡಿಯ ಚಪ್ಪಲಿಗೆ ನಿಷೇಧ. ಒಳಗಿನ ಪ್ರಾರ್ಥನಾ ಕೋಣೆಯಲ್ಲಿ ಇಟಲಿಯ ಚಿತ್ರಕಾರ ಕಾರವಾಜ್ಜೊ 1608ರಲ್ಲಿ ಬರೆದ, ಐದು ಮೀಟರ್‌ಗೂ ಹೆಚ್ಚು ಅಗಲದ ಚಿತ್ರವಿದೆ: ಸಂತ ಯೋಹಾನನ ಶಿರಚ್ಛೇದ. ಆತ ಸಹಿ ಹಾಕಿದ ಚಿತ್ರ ಇದೊಂದೇ. ಸಹಿ ಎಲ್ಲಿ ಎಂದು ಮೂಲೆಗಳಲ್ಲಿ ಹುಡುಕುತ್ತಾರೆ. ಸಂತನ ಕುತ್ತಿಗೆಯಿಂದ ಹರಿದ ರಕ್ತದಲ್ಲಿ ನೋಡಿ. ಬೇಸಿಗೆಯಲ್ಲಿ ಇದರ ಮುಂದೆ ತಲೆಗಳೇ ಕಾಣುವುದು. ಜನವರಿಯ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋದರೆ ಚಿತ್ರ ಕಾಣುತ್ತದೆ.

ಪ್ರಶ್ನೆ: ನೆಲದಡಿಯ ಹೈಪೊಜಿಯಂ ನೋಡಲು ಟಿಕೆಟ್ ಸಿಗುತ್ತಿಲ್ಲ. ಚಳಿಗಾಲದಲ್ಲೂ ಹೀಗೆಯೇ? — ಧಾರವಾಡ

ಉತ್ತರ: ಹೀಗೆಯೇ. ಪೌಲಾ ಊರಿನ ಮನೆಗಳಡಿ ಬಂಡೆ ಕೊರೆದು ಮಾಡಿದ ಈ ಸಮಾಧಿ ಸಂಕೀರ್ಣ ಐದು ಸಾವಿರ ವರ್ಷ ಹಳೆಯದು. 1902ರಲ್ಲಿ ನೀರಿನ ತೊಟ್ಟಿ ತೋಡುವಾಗ ಸಿಕ್ಕಿತು. ಜನರ ಉಸಿರಿನ ತೇವಕ್ಕೆ ಗೋಡೆಯ ಕೆಂಪು ಬಣ್ಣದ ಚಿತ್ರಗಳು ಹಾಳಾಗುತ್ತವೆಂದು ಗಂಟೆಗೆ 10 ಜನರನ್ನಷ್ಟೇ ಬಿಡುತ್ತಾರೆ. ಹಾಗಾಗಿ ವಿಮಾನದ ಟಿಕೆಟ್ ಕೊಂಡ ದಿನವೇ ಇದನ್ನೂ ಹೆರಿಟೇಜ್ ಮಾಲ್ಟಾ ಸಂಸ್ಥೆಯ ತಾಣದಲ್ಲಿ ಕೊಳ್ಳಿ. ತಪ್ಪಿದರೆ ಇನ್ನೊಂದು ದಾರಿ: ಮರುದಿನದ ಕೆಲವೇ ಟಿಕೆಟ್‌ಗಳನ್ನು ಹಿಂದಿನ ದಿನ ಬೆಳಿಗ್ಗೆ ಸೇಂಟ್ ಎಲ್ಮೊ ಕೋಟೆಯ ಕೌಂಟರಿನಲ್ಲಿ, ಹೆಚ್ಚಿನ ಬೆಲೆಗೆ, ಮಾರುತ್ತಾರೆ. ಚಳಿಗಾಲದ ಅನುಕೂಲ ಇಲ್ಲಿದೆ, ಸಾಲು ಗಿಡ್ಡ. ಆರು ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ, ಫೋಟೋ ಇಲ್ಲ. ಅಲ್ಲಿ ಸಿಕ್ಕ 'ಮಲಗಿದ ಹೆಂಗಸು' ಎಂಬ ಅಂಗೈಯಗಲದ ಮಣ್ಣಿನ ಮೂರ್ತಿ ವಲೆಟ್ಟಾದ ಪುರಾತತ್ತ್ವ ಮ್ಯೂಸಿಯಂನಲ್ಲಿದೆ. ಅದಕ್ಕೆ ಕಾಯ್ದಿರಿಸಬೇಕಿಲ್ಲ.

ಪ್ರಶ್ನೆ: ಡಿಸೆಂಬರ್, ಜನವರಿ, ಫೆಬ್ರವರಿ ಯಾವುದು ಒಳ್ಳೆಯದು? — ಮಂಗಳೂರು

ಉತ್ತರ: ನಮ್ಮ ಮತ ಫೆಬ್ರವರಿಗೆ, ಗಾಳಿ ಇದ್ದರೂ. ಡಿಸೆಂಬರಿನಲ್ಲಿ ಮನೆ ಮನೆಯ ಕಿಟಕಿಯಲ್ಲಿ ಗೋದಲಿ, ದೀಪ, ಎಲ್ಲ ಸರಿ. ಆದರೆ ಮಳೆ ಹೆಚ್ಚು, ಸಂಜೆ ಐದಕ್ಕೆ ಮೊದಲೇ ಸೂರ್ಯಾಸ್ತ, ಕ್ರಿಸ್ಮಸ್ ವಾರದಲ್ಲಿ ಬಾಡಿಗೆ ಮತ್ತೆ ಏರಿಕೆ. ಡಿಸೆಂಬರ್ 24, 25, 31 ಮತ್ತು ಜನವರಿ 1ರಂದು ಸರ್ಕಾರಿ ಮ್ಯೂಸಿಯಂಗಳು ಮುಚ್ಚಿರುತ್ತವೆ. ಜನವರಿ ಅತ್ಯಂತ ಅಗ್ಗ, ಅತ್ಯಂತ ಖಾಲಿ. ಬರೋಕ್ ಎಂಬ ಯುರೋಪಿನ ಹಳೆಯ ಶೈಲಿಯ ಸಂಗೀತೋತ್ಸವ ನಡೆಯುವುದೂ ಆಗಲೇ. ಕಡಲತಡಿಯ ಸಣ್ಣ ಊರುಗಳಲ್ಲಿ ಮಾತ್ರ ಹೋಟೆಲಿನವರು ವರ್ಷದ ರಜೆ ಹಾಕಿ ಬಾಗಿಲು ಎಳೆದಿರುತ್ತಾರೆ.

ಫೆಬ್ರವರಿಯಲ್ಲಿ ಬೇಸಿಗೆಯವರು ಎಂದೂ ಕಾಣದ ಮಾಲ್ಟಾ ಇರುತ್ತದೆ: ಹಸಿರು. ಆಗಸ್ಟಿನಲ್ಲಿ ಸುಟ್ಟ ರೊಟ್ಟಿಯ ಬಣ್ಣದ ಹೊಲಗಳ ತುಂಬ ಈಗ ಹಳದಿ ಹೂವಿನ ಪುಲ್ಲಂಪುರಚಿ ಜಾತಿಯ ಕಳೆ, ಕಲ್ಲುಗೋಡೆಯ ಪಕ್ಕ ಬಾದಾಮಿ ಮರದ ಬಿಳಿ ಹೂವು. ಈ ಹಳದಿ ಕಳೆ ದಕ್ಷಿಣ ಆಫ್ರಿಕಾ ಮೂಲದ್ದು, 19ನೇ ಶತಮಾನದ ಆರಂಭದಲ್ಲಿ ಬಂದದ್ದು. ಸ್ಥಳೀಯರು ಅದನ್ನು 'ಇಂಗ್ಲಿಷ್ ಹುಲ್ಲು' ಎಂದೇ ಕರೆಯುತ್ತಾರೆ. ಫೆಬ್ರವರಿ 10 ಸಂತ ಪೌಲನ ಹಬ್ಬ, ವಲೆಟ್ಟಾದ ಬೀದಿಗಳಲ್ಲಿ ಮೂರ್ತಿಯ ಮೆರವಣಿಗೆ, ಹಾರಾಡುವ ಕಾಗದದ ಚೂರು. ಈಸ್ಟರಿಗೆ ಮೊದಲಿನ ಲೆಂಟ್ ಉಪವಾಸಕ್ಕೆ ಮುಂಚಿನ ದಿನಗಳಲ್ಲಿ ಕಾರ್ನಿವಲ್; ಅದರ ತಾರೀಕು ಈಸ್ಟರಿನ ಜೊತೆ ಹಿಂದೆ ಮುಂದೆ ಸರಿಯುತ್ತದೆ, ನೋಡಿಕೊಳ್ಳಿ. ಈಜುವ ಆಸೆ ಇದ್ದರೆ ಬಿಡಿ: ಸಮುದ್ರದ ನೀರು ವರ್ಷದಲ್ಲೇ ಅತಿ ತಂಪು, 15-16 ಡಿಗ್ರಿ.

ಪ್ರಶ್ನೆ: ಮಾಲ್ಟಾ ವೀಸಾದಲ್ಲೇ ಸಿಸಿಲಿಗೂ ಹೋಗಿ ಬರಬಹುದೇ? — ಬೆಳಗಾವಿ

ಉತ್ತರ: ಬರಬಹುದು. ಎರಡೂ ಷೆಂಗನ್ ವಲಯದೊಳಗೇ, ಅಂದರೆ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪಿನೊಳಗೇ, ಇರುವುದರಿಂದ ಸಿಂಗಲ್ ಎಂಟ್ರಿ ವೀಸಾ ಸಾಕು. ಆದರೆ ಹೆಚ್ಚು ದಿನ ಉಳಿಯುವ ದೇಶಕ್ಕೇ ಅರ್ಜಿ ಹಾಕಬೇಕು. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಕೊಡಬಹುದು, ಕನಿಷ್ಠ 15 ದಿನ ಮೊದಲು ಕೊಡಲೇಬೇಕು. ವಾಸ್ತವದಲ್ಲಿ ಎರಡು ತಿಂಗಳು ಮೊದಲೇ ಕೊಡಿ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ವಲೆಟ್ಟಾದಿಂದ ಸಿಸಿಲಿಯ ಪೊಜ್ಜಾಲೊಗೆ ಕ್ಯಾಟಮರಾನ್ ದೋಣಿ ಒಂದೂಮುಕ್ಕಾಲು ಗಂಟೆ. ಇದೂ ಗಾಳಿಗೆ ರದ್ದಾಗುವಂಥದೇ. ಬೆಳಿಗ್ಗೆ ಹೋಗಿ ರಾತ್ರಿ ಮರಳುವ ಯೋಜನೆ ಹಾಕಿದರೂ ಪಾಸ್‌ಪೋರ್ಟ್, ಮಾತ್ರೆ, ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಲಿ.

ಪ್ರಶ್ನೆ: ಬಸ್ಸಿನಲ್ಲೇ ತಿರುಗಬಹುದೇ? ಊರುಗಳ ಹೆಸರು ಓದಲೇ ಬರುತ್ತಿಲ್ಲ. — ತುಮಕೂರು

ಉತ್ತರ: ಬಸ್ಸೇ ಸಾಕು. ವಲೆಟ್ಟಾದ ನಗರದ್ವಾರದ ಹೊರಗೆ, ಟ್ರೈಟನ್ ಕಾರಂಜಿಯ ಹತ್ತಿರ ಇರುವ ನಿಲ್ದಾಣದಿಂದ ದ್ವೀಪದ ಮೂಲೆ ಮೂಲೆಗೂ ಬಸ್ ಇದೆ. ಒಂದು ಟಿಕೆಟ್ ಎರಡು ಗಂಟೆ ನಡೆಯುತ್ತದೆ, ಆ ಹೊತ್ತಿನಲ್ಲಿ ಬಸ್ ಬದಲಿಸಬಹುದು. ಚಳಿಗಾಲದ ದರ ಬೇಸಿಗೆಗಿಂತ ಕಡಿಮೆ. ಕಷ್ಟ ಬರುವುದು ನಡುದಾರಿಯ ನಿಲ್ದಾಣಗಳಲ್ಲಿ: ಬಸ್ ತುಂಬಿದ್ದರೆ ನಿಲ್ಲಿಸದೆ ಹೋಗುತ್ತಾರೆ. ಆದ್ದರಿಂದ ವಲೆಟ್ಟಾದಲ್ಲಿ ಉಳಿಯುವವರಿಗೆ ದೊಡ್ಡ ಲಾಭ, ಅಲ್ಲಿ ಬಸ್ ಖಾಲಿಯಾಗಿ ಹೊರಡುತ್ತದೆ. ಜೋರು ಮಳೆ ಬಂದರೆ ಮ್ಸಿದಾ, ಬಿರ್ಕಿರ್ಕಾರಾ ತಗ್ಗಿನಲ್ಲಿ ನೀರು ನಿಂತು ವಾಹನಗಳೆಲ್ಲ ನಿಲ್ಲುತ್ತವೆ. ವಿಮಾನವಿರುವ ದಿನ ಮಳೆಯಾದರೆ ಒಂದು ಗಂಟೆ ಹೆಚ್ಚಿಗೆ ಇಟ್ಟುಕೊಂಡು ಹೊರಡಿ.

ಹೆಸರು ಓದುವ ಸೂತ್ರ ಸುಲಭ. ಮಾಲ್ಟೀಸ್ ಭಾಷೆ ಅರಬ್ಬಿಯ ಕುಟುಂಬದ್ದು, ಬರೆಯುವುದು ಇಂಗ್ಲಿಷಿನ ಲಿಪಿಯಲ್ಲಿ. ಎಕ್ಸ್ ಕಂಡಲ್ಲಿ 'ಶ' ಓದಿ. ಜೆ ಕಂಡಲ್ಲಿ 'ಯ'. ತಲೆಯ ಮೇಲೆ ಚುಕ್ಕೆ ಇರುವ ಸಿ 'ಚ', ಚುಕ್ಕೆಯ ಜಿ 'ಜ'. ಕ್ಯೂ ಎಂದರೆ ಗಂಟಲಲ್ಲಿ ಉಸಿರು ಕಟ್ಟಿ ಬಿಟ್ಟ ಹಾಗೆ. ಅದು ನಾಲಿಗೆಗೆ ಬಾರದಿದ್ದರೆ 'ಕ' ಎಂದರೂ ಚಾಲಕರಿಗೆ ತಿಳಿಯುತ್ತದೆ. ಜನ ಪರಸ್ಪರ ಮಾತಾಡುವಾಗ ವಲೆಟ್ಟಾ ಅನ್ನುವುದಿಲ್ಲ, 'ಇಲ್-ಬೆಲ್ತ್' ಅನ್ನುತ್ತಾರೆ, ಅಂದರೆ 'ಪೇಟೆ'. ಬಸ್ಸಿನ ಹಣೆಯ ಮೇಲೆ ಮಾತ್ರ ವಲೆಟ್ಟಾ ಎಂದೇ ಬರೆದಿರುತ್ತದೆ. ಬಸ್ ಬರುವುದು ಕಂಡಾಗ ಕೈ ಚಾಚಿ ನಿಲ್ಲಿಸಿ. ಕೈ ಚಾಚದೆ ನಿಂತವರನ್ನು ಬೇರೆ ಬಸ್ಸಿನವರು ಎಂದುಕೊಂಡು ಚಾಲಕರು ಹೊರಟುಬಿಡುತ್ತಾರೆ.